ಶಿಕ್ಷೆ ಮುಗಿದ ಮೇಲಿನ 41 ವರ್ಷ: ಅಲೆಸ್ಸಾಂದ್ರೊ ಸೆರೆನೆಲ್ಲಿ

ಪ್ರತಿ ಜುಲೈ 6ರಂದು ನಾವು ಸಂತ ಮರಿಯಾ ಗೊರೆಟ್ಟಿಯ ಹಬ್ಬವನ್ನು ಆಚರಿಸುತ್ತೇವೆ. ಆಕೆಯನ್ನು ಕೊಂದವನ ಮುಂದಿನ ಬದುಕಿನ ಕಡೆ ನಮ್ಮ ಗಮನ ಹೋಗುವುದು ಕಡಿಮೆ. ಧಾರವಾಡ ಕೇಂದ್ರ ಕಾರಾಗೃಹದಿಂದ ಹೊರಬಂದು ಹುಬ್ಬಳ್ಳಿಯಲ್ಲಿ ಬಾಡಿಗೆ ಕೋಣೆ, ಕೂಲಿ ಕೆಲಸ ಹುಡುಕಬೇಕಾದವರನ್ನು, ಅದರಲ್ಲೂ ಲೈಂಗಿಕ ಅಪರಾಧಕ್ಕೆ ಶಿಕ್ಷೆ ಅನುಭವಿಸಿದವರನ್ನು ನೆನೆದಾಗ ನಮಗೆ ಆತನ ಕಥೆ ಮುಖ್ಯವೆನಿಸುತ್ತದೆ.

1882ರಲ್ಲಿ ಇಟಲಿಯ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಅಲೆಸ್ಸಾಂದ್ರೊ, ನೆತ್ತೂನೊ ಬಳಿಯ ಫೆರ್ರಿಯೆರೆಯಲ್ಲಿ ಗೊರೆಟ್ಟಿ ಕುಟುಂಬದವರೊಡನೆ ಒಂದೇ ಮನೆಯಲ್ಲಿದ್ದ. 1902ರ ಜುಲೈ 5ರಂದು 11 ವರ್ಷದ ಮರಿಯಾಳ ಮೇಲೆ ಅತ್ಯಾಚಾರಕ್ಕೆ ಯತ್ನಿಸಿ, ಆಕೆ ಒಪ್ಪದಾಗ 14 ಬಾರಿ ಇರಿದ. ಮರುದಿನ ಆತನನ್ನು ಕ್ಷಮಿಸಿ ಆಕೆ ಪ್ರಾಣಬಿಟ್ಟಳು. ಆತನಿಗೆ ಇನ್ನೂ 21 ತುಂಬಿರಲಿಲ್ಲವಾದ್ದರಿಂದ ಜೀವಾವಧಿಯ ಬದಲು 30 ವರ್ಷ ಶಿಕ್ಷೆಯಾಯಿತು.

ಮೊದಲ ವರ್ಷಗಳಲ್ಲಿ ಪಶ್ಚಾತ್ತಾಪವಿರಲಿಲ್ಲ. ಸಿಸಿಲಿಯ ನೋತೊ ಸೆರೆಮನೆಯಲ್ಲಿ ಬಿಷಪ್ ಬ್ಲಾಂದಿನಿಯವರ ಭೇಟಿ ಹಾಗೂ ಮರಿಯಾ ಹೂ ಕೊಟ್ಟಂತೆ ಕಂಡ ಕನಸು ಆತನನ್ನು ಬದಲಿಸಿದವು. 1929ರಲ್ಲಿ, 27 ವರ್ಷಗಳ ನಂತರ, ಬಿಡುಗಡೆಯಾಯಿತು.

ನ್ಯಾಯಾಲಯದ ಲೆಕ್ಕ ಅಲ್ಲಿಗೆ ಮುಗಿಯಿತು, ಅಪರಾಧ ಮಾತ್ರ ಬೆನ್ನು ಬಿಡಲಿಲ್ಲ. ಮರಿಯಾಳನ್ನು ಸಂತಳೆಂದು ಸಾರುವ ವಿಚಾರಣೆಯಲ್ಲಿ ಆತನೇ ಸಾಕ್ಷಿಯಾಗಿ ತನ್ನ ಕೃತ್ಯವನ್ನು ಮತ್ತೆ ಹೇಳಬೇಕಾಯಿತು. 1950ರಲ್ಲಿ ಹನ್ನೆರಡನೇ ಪಿಯುಸ್ ಜಗದ್ಗುರುಗಳು ಆಕೆಗೆ ಸಂತ ಪದವಿ ನೀಡಿದಾಗ ಆತನ ಹೆಸರೂ ಜಗತ್ತಿಗೆಲ್ಲ ತಿಳಿಯಿತು. ಆಕೆಯ ಗೌರವ ಹೆಚ್ಚಿದಷ್ಟೂ ಆತನ ಪಾಪದ ಸುದ್ದಿಯೂ ಹರಡಿತು.

1934ರ ಕ್ರಿಸ್ಮಸ್ ಸಮಯದಲ್ಲಿ ಆತ ಕೊರಿನಾಲ್ದೊಗೆ ಹೋಗಿ ಮರಿಯಾಳ ತಾಯಿ ಅಸುಂತಾಳ ಕ್ಷಮೆ ಕೇಳಿದ. ಆಕೆ ಕ್ಷಮಿಸಿದಳು, ಇಬ್ಬರೂ ಒಟ್ಟಿಗೆ ಪರಮಪ್ರಸಾದ ಸ್ವೀಕರಿಸಿದರು. ಆ ಕ್ಷಮೆ ಕೊಡುವ ಹಕ್ಕು ಅಸುಂತಾಳದಾಗಿತ್ತು, ಊರಿನವರದಲ್ಲ. ನೊಂದ ಮನೆಯವರ ಬಳಿ ಹೋಗಿ ಕ್ಷಮಿಸಿಬಿಡಿ ಎಂದು ಒತ್ತಾಯಿಸುವ ನಮ್ಮ ಕೆಲವು ಹಿರಿಯರು ಇದನ್ನು ಗಮನಿಸಬೇಕು.

ಇಂದಿನ ಭಾರತದಲ್ಲಿ ಇಂಥ ಅಪರಾಧಿಯ ವಿವರ 2018ರಲ್ಲಿ ಆರಂಭವಾದ ರಾಷ್ಟ್ರೀಯ ದತ್ತಾಂಶದಲ್ಲಿ ಸೇರುತ್ತದೆ. ಅದನ್ನು ನೋಡುವ ಅಧಿಕಾರ ತನಿಖಾ ಸಂಸ್ಥೆಗಳಿಗಷ್ಟೇ. ಅತ್ಯಾಚಾರಕ್ಕೆ ಜೈಲುಶಿಕ್ಷೆಯಾದವರು ಬಿಡುಗಡೆಯಾಗಿ 6 ವರ್ಷ ಕಳೆಯುವವರೆಗೆ ಶಾಸನಸಭೆಗೆ, ಸಂಸತ್ತಿಗೆ ಸ್ಪರ್ಧಿಸುವಂತಿಲ್ಲ. ಕೋಣೆ ಕೊಡದ ಮನೆಮಾಲೀಕ, ಬಾಗಿಲು ತೆರೆಯದ ಒಡಹುಟ್ಟಿದವರು ಯಾವ ಕಾನೂನಿನಲ್ಲೂ ಇಲ್ಲ.

ಅಲೆಸ್ಸಾಂದ್ರೊಗೆ ಕಪುಚಿನ್ ಸಭೆಯವರು ಆಶ್ರಯ ಕೊಟ್ಟರು. ಆತ ಗುರುವಾಗಲಿಲ್ಲ, ಮಠದ ತೋಟ ನೋಡಿಕೊಂಡ. ನಮಗೆ ಇದು ಸರಿಯೆನಿಸುತ್ತದೆ: ಹೊರಬಂದವನಿಗೆ ಕೆಲಸ, ಊಟ, ಜೊತೆ ಕೊಡೋಣ, ಆದರೆ ಧರ್ಮೋಪದೇಶ ತರಗತಿಯ ಮಕ್ಕಳನ್ನು ಅವನ ಕೈಗೆ ಒಪ್ಪಿಸುವುದು ಬೇಡ.

1970ರ ಮೇ 6ರಂದು ಮಾಚೆರಾತಾದ ಮಠದಲ್ಲಿ ಆತ ತೀರಿಕೊಂಡ. ಮರಿಯಾಳ ಅವಶೇಷಗಳು ನೆತ್ತೂನೊದಲ್ಲಿವೆ. ಅಸುಂತಾ ಮತ್ತು ಅಲೆಸ್ಸಾಂದ್ರೊ ಕೊರಿನಾಲ್ದೊದ ಒಂದೇ ದೇವಾಲಯದಲ್ಲಿ ವಿಶ್ರಮಿಸಿದ್ದಾರೆ.