ಏಳು ಸಂಜೆಗಳ ಚರಿತ್ರೆ

ಆಂಗ್ಲ ಕಾದಂಬರಿಕಾರ್ತಿ ಜೇನ್ ಆಸ್ಟೆನ್ನಳ ಹೆಸರನ್ನು ನಮ್ಮಲ್ಲಿ ಕೇಳದವರು ವಿರಳ. ಆಕೆಯ ಚರಿತ್ರೆಯ ವ್ಯಾಸಂಗದ ವಿಚಾರ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಆಕೆಯ ಬಾಳಿನ ಈ ಮುಖವೇ ಹೆಚ್ಚು ಹಿಡಿಸಿತು.

ಜೇನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ಹ್ಯಾಂಪ್‌ಷೈರಿನ ಸ್ಟೀವೆಂಟನ್ ಗ್ರಾಮದಲ್ಲಿ. ತಂದೆ ಅಲ್ಲಿಯ ಪಾದ್ರಿ. ಅಣ್ಣಂದಿರಲ್ಲಿ ಇಬ್ಬರು ಆಕ್ಸ್‌ಫರ್ಡಿಗೆ ಹೋದರು. ಹೆಣ್ಣುಮಕ್ಕಳಿಗೆ ಆಗ ಆ ಬಾಗಿಲು ಮುಚ್ಚಿತ್ತು. ಹನ್ನೊಂದು ತುಂಬುವ ಹೊತ್ತಿಗೆ ಜೇನಳ ಶಾಲೆಯೂ ಮುಗಿಯಿತು. ಆಮೇಲೆ ತಂದೆಯ ಐನೂರಕ್ಕೂ ಮಿಕ್ಕ ಪುಸ್ತಕಗಳೇ ಆಕೆಯ ಕಾಲೇಜು. 1791ರಲ್ಲಿ, ಹದಿನೈದರ ಹರೆಯದಲ್ಲಿ, ಇಂಗ್ಲೆಂಡಿನ ಅರಸರನ್ನು ಕುರಿತು ಒಂದು ವಿನೋದದ ಚರಿತ್ರೆ ಬರೆದಳು. ಅಕ್ಕ ಕಸಾಂಡ್ರ ಅದಕ್ಕೆ ಚಿತ್ರಗಳನ್ನು ಬಿಡಿಸಿದಳು.

1800ರ ನವೆಂಬರಿನಲ್ಲಿ ಗೆಳತಿ ಮಾರ್ಥಾ ಲಾಯ್ಡ್‌ಳ ಮನೆಗೆ ಹೊರಡುವ ಮೊದಲು ಜೇನ್ ಅವಳಿಗೊಂದು ಕಾಗದ ಬರೆದಳು. ತಾನು ರಾಬರ್ಟ್ ಹೆನ್ರಿಯ ಚರಿತ್ರೆಯನ್ನು ಓದುತ್ತಿರುವುದಾಗಿಯೂ, ಅದನ್ನು ಗೆಳತಿಗೆ ಬೇಕಾದ ರೀತಿಯಲ್ಲಿ ಒಪ್ಪಿಸುವುದಾಗಿಯೂ ತಿಳಿಸಿದಳು. ಹೆನ್ರಿ ಪ್ರತಿಯೊಂದು ಕಾಲವನ್ನೂ ಯುದ್ಧ, ಧರ್ಮ, ಶಾಸನ, ವಿದ್ಯೆ, ಕಲೆ, ವ್ಯಾಪಾರ, ಜನಜೀವನ ಎಂದು ಏಳು ಭಾಗ ಮಾಡಿದ್ದಾನೆ. ವಾರಕ್ಕೆ ಏಳು ಸಂಜೆ, ಸಂಜೆಗೊಂದು ಭಾಗ! ಶುಕ್ರವಾರದ ಪಾಲಿಗೆ ಬಂದ ನಾಣ್ಯ, ಹಡಗುಗಳ ಮಾತು ಬೇಸರ ತಂದರೂ ಮರುದಿನದ ಪಾಲು ಅದನ್ನು ತುಂಬಿಕೊಡುವುದೆಂದು ಸಮಾಧಾನವನ್ನೂ ಹೇಳಿದಳು.

ಇದು ಬರಿಯ ವಿನೋದವೆಂದು ನನಗೆ ತೋರುವುದಿಲ್ಲ. ನಮ್ಮ ಮನೆಯಲ್ಲಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಕ್ಕನ ಓದು ಏಳನೆಯ ತರಗತಿಗೇ ನಿಂತಿತು. ರಾತ್ರಿ ಅವಳು ಹೂ ಕಟ್ಟುತ್ತ ಕುಳಿತಾಗ ಅಂದಿನ ಪಾಠವನ್ನು ಕೇಳುತ್ತಾಳೆ. ದೊರೆ ಗೆದ್ದನೆಂದರೆ ಅವಳಿಗೆ ಸಾಲದು. ಆಗ ಅಕ್ಕಿಯ ಬೆಲೆ ಏನಿತ್ತು, ಹೆಂಗಸರು ಏನು ಮಾಡುತ್ತಿದ್ದರು ಎಂದು ಕೇಳುತ್ತಾಳೆ. ಅವಳಿಗೆ ಹೇಳಲು ಹೊರಟಾಗಲೇ ನನಗೆ ತಿಳಿದದ್ದೆಷ್ಟು ಎಂಬುದು ಗೊತ್ತಾಗುವುದು.

ಆ ಕಾಗದ ಬರೆದ ಮುಂದಿನ ತಿಂಗಳೇ ತಂದೆ ಊರು ಬಿಡುವ ನಿರ್ಧಾರ ಮಾಡಿದರು; 1801ರಲ್ಲಿ ಪುಸ್ತಕಗಳು ಮಾರಾಟವಾದವು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ಮಾರ್ಥಾಳೇ ಬಂದು ಆ ತಾಯಿ ಮಕ್ಕಳೊಡನೆ ನೆಲೆಸಿದಳು. 1811ರಿಂದ ಜೇನಳ ಕಾದಂಬರಿಗಳು ಹೆಸರಿಲ್ಲದೆ ಅಚ್ಚಾದವು. 1817ರ ಜುಲೈ 18ರಂದು, ನಲವತ್ತೊಂದನೆಯ ವಯಸ್ಸಿನಲ್ಲಿ, ಆಕೆ ಕಣ್ಣು ಮುಚ್ಚಿದಳು. ಆಕೆಯ ಎಷ್ಟೋ ಕಾಗದಗಳನ್ನು ಕಸಾಂಡ್ರ ಸುಟ್ಟಳು. ಮಾರ್ಥಾಳಿಗೆ ಬರೆದ ಇದು ಉಳಿಯಿತು.

ಗೆಳೆಯರೇ, ಪರೀಕ್ಷೆ ಮುಗಿದೊಡನೆ ನಮ್ಮ ಟಿಪ್ಪಣಿ ಪುಸ್ತಕಗಳನ್ನು ತೂಕಕ್ಕೆ ಹಾಕುವ ಮುನ್ನ, ಕಾಲೇಜಿಗೆ ಬರಲಾರದೆ ಮನೆಯಲ್ಲೇ ಉಳಿದವರಿಗೆ ಒಂದೊಂದು ಸಂಜೆ ಅವನ್ನು ಓದಿ ಹೇಳೋಣ.