ಮಹಾರಾಣಿ ಲಕ್ಷ್ಮಮ್ಮಣ್ಣಿ ಮತ್ತು ಸಿಡುಬು

ಸಿರಸಿಯ ಮಾರಿಕಾಂಬೆಯ ಜಾತ್ರೆಗೆ ಎರಡು ವರ್ಷಕ್ಕೊಮ್ಮೆ ಘಟ್ಟದ ಮೇಲಿನವರೂ ಕೆಳಗಿನವರೂ ನೆರೆಯುತ್ತಾರೆ. ನಮ್ಮ ಯಲ್ಲಾಪುರದಿಂದಲೂ ಜನ ಹೋಗುತ್ತಾರೆ. ಹಿಂದಿನವರಿಗೆ ಮಾರಿಯೆಂದರೆ ಭಕ್ತಿಯಷ್ಟೇ ಅಲ್ಲ, ಸಿಡುಬಿನ ಭಯವೂ ಹೌದು. ಲಸಿಕೆಗೆ ದೇವಿ ಹಾಕುವುದೆಂಬ ಹೆಸರು ಬಂದುದೂ ಅಲ್ಲಿಂದಲೇ. ಆ ಭಯವನ್ನು ಅರಮನೆಯೊಳಗೆ ಉಂಡವರು ಮೈಸೂರಿನ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಗುಪ್ತ ಸಂಧಾನಗಳಿಂದ ಮಾತ್ರ ಅವರನ್ನು ಗುರುತಿಸುವ ರೂಢಿ ನನಗೆ ಅಪೂರ್ಣವೆನಿಸುತ್ತದೆ.

ಕತ್ತಿ ಗೋಪಾಲರಾಜ ಅರಸರ ಮಗಳಾದ ಅವರು ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ. 1761ರಲ್ಲಿ ಅಧಿಕಾರ ಹೈದರನ ಕೈಸೇರಿತು. 1766ರಲ್ಲಿ ಪತಿ ತೀರಿಕೊಂಡರು. ಸೋದೆಯ ಅರಸನು ಗೋವೆಯ ಆಶ್ರಯಕ್ಕೆ ಹೋಗಬೇಕಾದದ್ದೂ ಇದೇ ಹೈದರನ ದಂಡಿಗೆ ಅಂಜಿ. 1776ರಲ್ಲಿ ಒಡೆಯರ ಸಿಂಹಾಸನ ಬರಿದಾದಾಗ ಹೈದರನು ಅರಸು ಮನೆತನದ ಮಕ್ಕಳನ್ನು ಕರೆಸಿ, ಆಟಿಕೆಗಳ ನಡುವೆ ಕಠಾರಿಯನ್ನು ಎತ್ತಿಕೊಂಡ ಮಗುವನ್ನು ಆರಿಸಿದನೆಂದು ಹೇಳುತ್ತಾರೆ. ಆ ಮಗುವೇ ಖಾಸಾ ಚಾಮರಾಜ. ರಾಣಿಯವರಿಗೆ ಅವನು ದತ್ತುಪುತ್ರನಾದನು. 1782ರಲ್ಲಿ ಅವರು ತಿರುಮಲರಾಯನ ಮೂಲಕ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡದ್ದು ಪ್ರಸಿದ್ಧ. ಆದರೆ 1796ರಲ್ಲಿ ಬಂದ ಆಪತ್ತಿಗೆ ಒಪ್ಪಂದವಿರಲಿಲ್ಲ. ಸಿಡುಬು ಚಾಮರಾಜನನ್ನು ಒಯ್ದಿತು. ಉಳಿದವನು ಎಳೆಯ ಮೊಮ್ಮಗನೊಬ್ಬ.

ಅದೇ 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ಹಾಲು ಕರೆಯುವವಳ ಕೈಯ ಗೋಸಿಡುಬಿನ ಕೀವನ್ನು ಒಬ್ಬ ಹುಡುಗನ ತೋಳಿಗೆ ಹಾಕಿ ನೋಡಿದ್ದನು. ಹಸುವಿನ ಬೇನೆ ಮನುಷ್ಯನ ಬೇನೆಯನ್ನು ಏಕೆ ತಡೆಯಬೇಕೆಂದು ಅವನಿಗೆ ತಿಳಿಯದು. ವೈರಸ್ಸೆಂಬ ಕಲ್ಪನೆಯೇ ಆಗ ಇರಲಿಲ್ಲ. ಎರಡೂ ಒಂದೇ ಕುಲದವು. ಸೋದರಸಂಬಂಧಿಯ ಗುರುತು ಹಿಡಿದ ದೇಹವು ಘಾತುಕನನ್ನೂ ಗುರುತಿಸುತ್ತದೆ. ಸಿಡುಬಿನ ವೈರಸ್ಸು ತನ್ನ ಜಾತಿಯಲ್ಲಿ ದೊಡ್ಡದು: ಅದರ ಡಿಎನ್ಎಯಲ್ಲಿ ಸುಮಾರು 1,86,000 ಅಕ್ಷರಜೋಡಿಗಳಿವೆ. ಮನುಷ್ಯನನ್ನು ಕಾಡುವ ಬೇರೆ ಡಿಎನ್ಎ ವೈರಸ್ಸುಗಳು ಸಾಮಾನ್ಯವಾಗಿ ಜೀವಕೋಶದ ಕೇಂದ್ರವನ್ನು ಹೊಕ್ಕು ಅಲ್ಲಿಯ ಸಲಕರಣೆಗಳಿಂದ ಹೆಚ್ಚುತ್ತವೆ. ಇದಾದರೋ ಕೇಂದ್ರದ ಹೊರಗೇ ಸ್ವಂತ ಸಲಕರಣೆಗಳೊಡನೆ ಬಿಡಾರ ಹೂಡುತ್ತದೆ. ವರ್ಗೀಕರಣಕಾರರು ಈಗ ಇದನ್ನು ಮಹಾವೈರಸ್ಸುಗಳ ನ್ಯೂಕ್ಲಿಯೋಸೈಟೋವಿರಿಕೋಟ ವಿಭಾಗದಲ್ಲಿ ಇರಿಸಿದ್ದಾರೆ. 2003ರಲ್ಲಿ ಗುರುತಿಸಲ್ಪಟ್ಟ, 12 ಲಕ್ಷ ಜೋಡಿಗಳ ಮಿಮಿವೈರಸ್ಸೂ ಅದೇ ವಿಭಾಗದ್ದು. ಅಮೀಬದೊಳಗೆ ಸಿಕ್ಕಿದ ಅದನ್ನು ಮೊದಲು ಬ್ಯಾಕ್ಟೀರಿಯವೆಂದೇ ಭಾವಿಸಿದ್ದರು!

1799ರಲ್ಲಿ ಟಿಪ್ಪು ಮಡಿದ ಬಳಿಕ, ಐದು ತುಂಬುವ ಮೊದಲೇ ಮೊಮ್ಮಗ ಮುಮ್ಮಡಿ ಕೃಷ್ಣರಾಜನಿಗೆ ಪಟ್ಟವಾಯಿತು. ಸುಮಾರು ನಾಲ್ಕು ದಶಕ ಕಾದ ಅಜ್ಜಿಗೆ ಇನ್ನು ಇಂಗ್ಲಿಷರಿಗಿಂತಲೂ ಸಿಡುಬಿನ ಭಯವೇ ದೊಡ್ಡದಾಗಿದ್ದರೆ ಆಶ್ಚರ್ಯವಿಲ್ಲ. 1802ರಲ್ಲಿ ಲಸಿಕೆ ಮುಂಬಯಿಯನ್ನು ಮುಟ್ಟಿತು. ತೋಳಿನಿಂದ ತೋಳಿಗೆ ದಾಟಿಸುತ್ತ ಅದನ್ನು ಊರೂರಿಗೆ ಒಯ್ಯಬೇಕಾಗಿತ್ತು. ಪರರ ಮೈಯ ಕೀವನ್ನು ಮೈಗೆ ಸೇರಿಸಿಕೊಳ್ಳಲು ಮಡಿವಂತ ಜನ ಹಿಂಜರಿದರು. ಆಗ ಬಾಲದೊರೆಯ ನವವಧು ದೇವಾಜಮ್ಮಣ್ಣಿಗೆ ಲಸಿಕೆಯಾಯಿತು. ಅದನ್ನು ಕಂಡು ಪ್ರಜೆಗಳೂ ಮುಂದೆ ಬಂದರೆಂದು 1806ರ ದಾಖಲೆಯಿದೆ.

ಐರಿಷ್ ಕಲಾವಿದ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಅವರನ್ನು ನರ್ತಕಿಯರೆಂದು ಬಹುಕಾಲ ತಿಳಿದಿದ್ದರು. ಕೇಂಬ್ರಿಜ್ಜಿನ ಇತಿಹಾಸಕಾರ ನೈಜೆಲ್ ಚಾನ್ಸೆಲರರ ಮತದಂತೆ ಅವರು ಒಡೆಯರ ಮನೆಯ ರಾಣಿಯರು. ಬಲಗಡೆಯ ಕಿರಿಯಳು ಸೆರಗನ್ನು ಸರಿಸಿ ಲಸಿಕೆಯ ತೋಳನ್ನು ತೋರಿಸುತ್ತಿದ್ದಾಳೆ. ಎಡಗಡೆಯವಳ ಮೂಗಿನ ಕೆಳಗಿನ ಬಿಳಿಚು ಗುರುತು ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೇರಿಸುವ ಹಳೆಯ ಪದ್ಧತಿಯದು. ಆ ಪದ್ಧತಿಯಲ್ಲಿ ನಿಜವಾದ ಸಿಡುಬೇ ತಗಲುವ ಅಪಾಯವಿತ್ತು. ನಡುವೆ ನಿಂತವರು ಲಕ್ಷ್ಮಮ್ಮಣ್ಣಿಯವರಂತೆ. ಮತವನ್ನು ಒಪ್ಪುವುದಾದರೆ, ಅಂತಃಪುರದ ಮರ್ಯಾದೆಯನ್ನು ಸಡಿಲಿಸಿ ಪರದೇಶಿಯ ಕುಂಚದ ಮುಂದೆ ನಿಲ್ಲಲು ಆ ವೃದ್ಧೆ ಒಪ್ಪಿದ್ದು ಸಣ್ಣ ಸಂಗತಿಯಲ್ಲ.

1810ರಲ್ಲಿ ಅವರು ಕಣ್ಮುಚ್ಚಿದರು. ಮೊಮ್ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1868ರವರೆಗೆ ಬದುಕಿದರು.