ಕಿತ್ತೂರಿಗೆ ಕತೆ ಕೇಳಾಕ ಬಂದ ಎ.ಕೆ. ರಾಮಾನುಜನ್



ಈ ಸಲ ಗೋಡೆ ಪತ್ರಿಕೆಗೆ ಯಾರಾದರೂ ಒಬ್ಬ ದೊಡ್ಡವರ ಜೀವನ ಚರಿತ್ರೆ ಬರೆದುಕೊಂಡು ಬರಬೇಕು ಅಂತ ಅಕ್ಕೋರು ಹೇಳಿದರು. ನಮ್ಮ ವರ್ಗದಾಗ ಹನ್ನೊಂದು ಮಂದಿ ಕಿತ್ತೂರ ಚನ್ನಮ್ಮನ ಬಗ್ಗೆ ಬರೆದಾರ, ಎಂಟು ಮಂದಿ ಸಂಗೊಳ್ಳಿ ರಾಯಣ್ಣನ ಬಗ್ಗೆ ಬರೆದಾರ. ಬರೀಬೇಕಾದ್ದೇ. ಚನ್ನಮ್ಮ 1824ರಲ್ಲಿ ಇಂಗ್ಲಿಷರನ್ನು ಸೋಲಿಸಿದ್ದು ಕಿತ್ತೂರಿನಲ್ಲಿ. 1829ರಲ್ಲಿ ಸೆರೆಯಲ್ಲಿ ಇದ್ದಾಗಲೇ ತೀರಿಕೊಂಡದ್ದು ನಮ್ಮ ಬೈಲಹೊಂಗಲದಲ್ಲಿ. ಆಕೆಯ ಸಮಾಧಿಯೂ ಇಲ್ಲೇ ಇದೆ. ಆದರೆ ನಾನು ಬರೆಯುವವರು ಕತ್ತಿ ಹಿಡಿದವರಲ್ಲ, ಪೆನ್ನು ಹಿಡಿದವರು. ಅವರಿಗೆ ಕಿತ್ತೂರಿನಲ್ಲಿ ಸಿಕ್ಕದ್ದು ಒಂದು ಕತೆ. ಅವರ ಹೆಸರು ಎ.ಕೆ. ರಾಮಾನುಜನ್.

ಇವರನ್ನೇ ಯಾಕ ಆರಿಸಿಕೊಂಡೆ ಅಂದ್ರ, ನನಗ ಕತೆ ಅಂದ್ರ ಹುಚ್ಚು. ಶಾಲೆಯ ಕಪಾಟಿನಲ್ಲಿ ಇದ್ದ ಕತೆ ಪುಸ್ತಕ ಎಲ್ಲಾ ಓದಿ ಮುಗಿಸೇನಿ. ಡೆನ್ಮಾರ್ಕ್ ದೇಶದ ಆಂಡರ್ಸನ್ ಬರೆದ ಕುರೂಪಿ ಬಾತುಕೋಳಿ ಮರಿ, ಜರ್ಮನಿಯ ಗ್ರಿಮ್ ಅಣ್ಣತಮ್ಮಂದಿರ ಹಿಮಬಿಳುಪಿ, ಜಪಾನಿನಲ್ಲಿ ಪೀಚ್ ಹಣ್ಣಿನೊಳಗಿಂದ ಹುಟ್ಟಿದ ಹುಡುಗ, ಅರಬ್ಬರ ಆಲಿಬಾಬಾ, ಎಲ್ಲಾ ನನಗ ಗೊತ್ತು. ಆದರೆ ನಮ್ಮ ಆಯಿ ಹೇಳುವ ಕತೆಗಳನ್ನು ನಾನು ಕತೆ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಪುಸ್ತಕದಲ್ಲಿ ಅಚ್ಚಾದದ್ದು ಮಾತ್ರ ಖರೇ ಕತೆ, ಆಯಿ ಹೇಳೋದು ಸುಮ್ಮನೆ ಮಾತು ಅಂತ ತಿಳಿದಿದ್ದೆ. ನನ್ನ ಈ ತಪ್ಪು ತಿಳುವಳಿಕೆ ಹೋದದ್ದು ರಾಮಾನುಜನ್ ಅವರಿಂದ.

ರಾಮಾನುಜನ್ ಅವರು 1929ನೆಯ ಇಸವಿ ಮಾರ್ಚ್ 16ರಂದು ಮೈಸೂರಿನಲ್ಲಿ ಜನಿಸಿದರು. ಅವರ ಪೂರ್ತಿ ಹೆಸರು ಅತ್ತಿಪಟ್ಟು ಕೃಷ್ಣಸ್ವಾಮಿ ರಾಮಾನುಜನ್. ತಂದೆ ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರು. ನಕ್ಷತ್ರಗಳ ಶಾಸ್ತ್ರವನ್ನೂ ತಿಳಿದವರು. ಇವರದು ತಮಿಳು ಮಾತಾಡುವ ಅಯ್ಯಂಗಾರರ ಮನೆ. ಮನೆಯ ಕೆಳಗೆ ಅಡಿಗೆಮನೆಯಲ್ಲಿ ತಾಯಿ ಜೊತೆ ತಮಿಳು, ಮಾಳಿಗೆ ಮೇಲೆ ತಂದೆಯ ಕೋಣೆಯಲ್ಲಿ ಇಂಗ್ಲಿಷ್, ಹೊರಗೆ ಓಣಿಯಲ್ಲಿ ಕನ್ನಡ. ಹೀಗೆ ಮೂರು ಭಾಷೆ ಕೇಳುತ್ತ ಅವರು ಬೆಳೆದರು. ನಮ್ಮ ಊರಾಗೂ ಕನ್ನಡ, ಮರಾಠಿ, ಉರ್ದು ಮೂರೂ ಕೇಳತಾವ. ಆದ್ದರಿಂದ ಇದು ನನಗೆ ಹೊಸದು ಅನ್ನಿಸಲಿಲ್ಲ.

ಸಣ್ಣವರಿದ್ದಾಗ ಸಂಜೆ ಹೊತ್ತು ಮನೆಯ ಮಕ್ಕಳನ್ನೆಲ್ಲ ಅಡಿಗೆಮನೆಯಲ್ಲಿ ಕೂಡ್ರಿಸಿ ಹೆಂಗಸರು ಊಟ ಮಾಡಿಸುತ್ತಿದ್ದರಂತೆ. ಮಕ್ಕಳು ಉಣ್ಣದೇ ಮಲಗಿಬಿಡಬಾರದು ಅಂತ ಕತೆ ಹೇಳುತ್ತಿದ್ದರಂತೆ. ಮಾಳಿಗೆ ಮೇಲಿನ ದೊಡ್ಡ ದೊಡ್ಡ ಪುಸ್ತಕಗಳ ಹಂಗ ಅಡಿಗೆಮನೆಯ ಕತೆಗಳಿಗೂ ಬೆಲೆ ಐತಿ ಅಂತ ಮುಂದೆ ಅವರಿಗೆ ತಿಳಿಯಿತು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಸಾಹಿತ್ಯ ಕಲಿತರು. ಆಮೇಲೆ ಕೇರಳದ ಕೊಲ್ಲಂ, ತಮಿಳುನಾಡಿನ ಮದುರೆ ಊರುಗಳಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರಾದರು. ಅಲ್ಲಿಂದ ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಬಂದರು. ಅದು 1950ರ ದಶಕ. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿ ಇತ್ತು. 1956ನೆಯ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು.

ಮೈಸೂರಿನ ಕನ್ನಡ ಬೇರೆ, ನಮ್ಮ ಕನ್ನಡ ಬೇರೆ. ಹೊರಗಿನಿಂದ ಬಂದ ಕೆಲವರು ನಮ್ಮ ಮಾತು ಒರಟು ಅಂತ ನಗತಾರ. ಆದರೆ ರಾಮಾನುಜನ್ ಅವರು ನಗಲಿಲ್ಲ, ಕಿವಿಗೊಟ್ಟು ಕೇಳಿದರು. ಗಾದೆ ಕೂಡಿಹಾಕಿದರು, ಕತೆ ಕೂಡಿಹಾಕಿದರು. ಅವರ ಗಾದೆಗಳು ಎಂಬ ಪುಸ್ತಕ 1955ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಹೊರಬಂತು. ಕಾಲೇಜಿನಲ್ಲಿ ಶೇಕ್ಸಪಿಯರ್‌ನ ನಾಟಕ ಕಲಿಸುವಂಥ ಪ್ರಾಧ್ಯಾಪಕರು, ಸಾಲಿ ಕಲಿಯದ ಹೆಣ್ಣುಮಕ್ಕಳ ಮುಂದೆ ಕುಳಿತು ಕತೆ ಕೇಳಿದರು ಅಂದ್ರ ಅದು ಸಣ್ಣ ಮಾತಲ್ಲ.

ಅದೇ 1955ರಲ್ಲಿ ಕಿತ್ತೂರಿನಲ್ಲಿ ಒಬ್ಬ ಹೆಣ್ಣುಮಗಳು ಅವರಿಗೆ ಹಂಚಿಯ ಕತೆ ಹೇಳಿದಳು. ಆ ಕತೆಯನ್ನು ನಾನು ಸಣ್ಣದು ಮಾಡಿ ಹೇಳುತ್ತೇನೆ.

ಒಂದು ಊರಾಗ ಒಬ್ಬ ಮುದುಕಿ. ಆಕಿಗೆ ಒಬ್ಬ ಮಗ, ಒಬ್ಬ ಮಗಳು. ಮಗಳ ಕೂದಲು ಬಂಗಾರದ್ದು. ಮಕ್ಕಳು ದೊಡ್ಡವರಾದ ಮೇಲೆ ಆ ಬಂಗಾರದ ಕೂದಲು ನೋಡಿ ಅಣ್ಣನ ಬುದ್ಧಿಯೇ ಕೆಟ್ಟಿತು. ತಾಯಿ ಹೆದರಿ, ಮಗಳ ಮುಖಕ್ಕೆ ಸರಿಹೋಗುವಂಥ ಮಣ್ಣಿನ ಮುಖವಾಡ ಮಾಡಿಸಿ, ಅದನ್ನು ಹಾಕಿ ಆಕಿನ್ನ ದೂರ ಕಳಿಸಿಬಿಟ್ಟಳು. ಮುಖ ಹಂಚಿನಂಗ ಕಂಡದ್ದಕ್ಕೆ ಜನ ಆಕಿಗೆ ಹಂಚಿ ಅಂದರು. ಹಂಚಿ ಒಬ್ಬ ಸಾವುಕಾರನ ಮನೆಯಲ್ಲಿ ಅಡಿಗೆ ಕೆಲಸಕ್ಕೆ ನಿಂತಳು. ಅಕ್ಕಿಯ ಸಿಹಿ ಅಡಿಗೆ ಮಾಡೋದರಾಗ ಆಕಿನ್ನ ಮೀರಿಸುವವರಿಲ್ಲ. ಒಂದು ದಿನ ಎಲ್ಲರೂ ತೋಟಕ್ಕೆ ಊಟಕ್ಕೆ ಹೋದಾಗ ಹಂಚಿ ಮುಖವಾಡ ತೆಗೆದಿಟ್ಟು ಎಣ್ಣಿ ಹಚ್ಚಿಕೊಂಡು ಎರಕೊಂಡಳು. ಮನೆಗೆ ಮರಳಿ ಬಂದ ಸಾವುಕಾರನ ಸಣ್ಣ ಮಗ ಅದನ್ನು ನೋಡಿದ. ಮದುವೆ ಆದರೆ ಹಂಚಿನ್ನೇ ಆಗತೇನಿ ಅಂತ ಹಟ ಹಿಡಿದ. ಮಣ್ಣಿನ ಮುಖದವಳು ಇವನಿಗೆ ಯಾಕ ಬೇಕು ಅಂತ ಎಲ್ಲರಿಗೂ ಆಶ್ಚರ್ಯ. ಕಡೆಗೆ ಅವನು ಮುಖವಾಡ ಒಡೆದಾಗ ಎಲ್ಲರೂ ಬೆರಗಾದರು.

ಇಲ್ಲಿಗೇ ಕತೆ ಮುಗಿಯೋದಿಲ್ಲ. ಆ ಮನೆಗೆ ಬರುವ ಒಬ್ಬ ಕಪಟಿ ಸ್ವಾಮಿ ಹಂಚಿಯ ಮೇಲೆ ಕಣ್ಣು ಹಾಕಿದ. ಮಂತ್ರ ಹಾಕಿದ, ಅದು ಫಲಿಸಲಿಲ್ಲ. ಆಮೇಲೆ ಆಕಿ ಕೆಟ್ಟವಳು ಅಂತ ಸುಳ್ಳು ಹೇಳಿದ. ಮನೆಯವರು ನಂಬಿ ಆಕಿನ್ನ ಪೆಟ್ಟಿಗೆಯಲ್ಲಿ ಹಾಕಿ ಅವನಿಗೆ ಕೊಟ್ಟುಬಿಟ್ಟರು. ಅವನು ಆ ಪೆಟ್ಟಿಗೆಯನ್ನು ಒಬ್ಬ ಮುದುಕಿಯ ಮನೆಯಲ್ಲಿ ಇಟ್ಟು, ಇದರಾಗ ಹುಚ್ಚುನಾಯಿ ಅದಾವ ಅಂತ ಹೇಳಿ ಹೋದ. ಮುದುಕಿ ಪೆಟ್ಟಿಗೆ ತೆಗೆದು ಹಂಚಿಯನ್ನು ಬಿಡಿಸಿ, ಖರೇನೇ ಹುಚ್ಚುನಾಯಿ ತುಂಬಿಸಿ ಇಟ್ಟಳು. ಸ್ವಾಮಿಗೆ ತಕ್ಕ ಶಾಸ್ತಿ ಆಯಿತು. ಮುಂದೆ ಸಾವುಕಾರನ ಮನೆಯವರು ಮುದುಕಿಯ ಮನೆಗೆ ಊಟಕ್ಕೆ ಬಂದಾಗ ಸಿಹಿ ಅಡಿಗೆಯ ರುಚಿ ನೋಡಿ ಹಂಚಿಯನ್ನು ನೆನೆಸಿಕೊಂಡರು. ಹಿಂಗ ಎಲ್ಲರೂ ಒಂದಾದರು.

ಈ ಕತೆ ಓದಿದ ಕೂಡಲೇ ನಿಮಗೆ ಸಿಂಡ್ರೆಲಾ ನೆನಪಾಗಿರಬೇಕು. ರಾಮಾನುಜನ್ ಅವರಿಗೂ ಹಾಗೇ ಆಯಿತು. ಸಿಂಡ್ರೆಲಾ ಕತೆಯನ್ನು ಫ್ರಾನ್ಸಿನಲ್ಲಿ ಪೆರೋ ಎಂಬವರು 1697ರಲ್ಲಿ ಅಚ್ಚು ಮಾಡಿಸಿದರು. ಗಾಜಿನ ಚಪ್ಪಲಿ ಬರುವುದು ಅದರಲ್ಲಿಯೇ. ಜರ್ಮನಿಯ ಗ್ರಿಮ್ ಅಣ್ಣತಮ್ಮಂದಿರು 1812ರಲ್ಲಿ ತಮ್ಮ ದೇಶದ ಸಿಂಡ್ರೆಲಾ ಕತೆಯನ್ನು ಅಚ್ಚು ಹಾಕಿದರು. ಇವರಿಬ್ಬರಿಗಿಂತ ಎಷ್ಟೋ ಮೊದಲು, 9ನೆಯ ಶತಮಾನದಲ್ಲಿಯೇ, ಚೀನಾ ದೇಶದಲ್ಲಿ ಇಂಥದೇ ಒಂದು ಕತೆ ಬರೆದಿಟ್ಟಿದ್ದಾರೆ. ಅಲ್ಲಿ ಹುಡುಗಿಗೆ ಸಹಾಯ ಮಾಡುವುದು ಒಂದು ಮೀನು, ಚಪ್ಪಲಿ ಬಂಗಾರದ್ದು. 1893ರಲ್ಲಿ ಇಂಗ್ಲೆಂಡಿನ ಮೇರಿಯನ್ ಕಾಕ್ಸ್ ಎಂಬ ಹೆಣ್ಣುಮಗಳು ಸಿಂಡ್ರೆಲಾ ಜಾತಿಯ 345 ಕತೆಗಳನ್ನು ಹುಡುಕಿ ಪುಸ್ತಕ ಮಾಡಿದ್ದಳು. ನಮ್ಮ ಹಂಚಿಯೂ ಅದೇ ಬಳಗದವಳು. 1982ರಲ್ಲಿ ಅಮೆರಿಕಾದ ಅಲನ್ ಡಂಡಸ್ ಎಂಬ ವಿದ್ವಾಂಸರು ಸಿಂಡ್ರೆಲಾ ಬಗ್ಗೆ ಒಂದು ದೊಡ್ಡ ಪುಸ್ತಕ ಸಂಪಾದಿಸಿದರು. ಅದರಲ್ಲಿ ರಾಮಾನುಜನ್ ಅವರ ಲೇಖನದ ಮೂಲಕ ಕಿತ್ತೂರಿನ ಹಂಚಿಯೂ ಕುಳಿತಳು.

ನಮ್ಮ ಕತೆಯಲ್ಲಿ ಚಪ್ಪಲಿ ಇಲ್ಲ, ಅಡಿಗೆಯ ರುಚಿ ಐತಿ. ಅಲ್ಲಿ ಮದುವೆ ಆದ ಕೂಡಲೇ ಕತೆ ಮುಗಿಯುತ್ತದೆ. ನಮ್ಮಲ್ಲಿ ಮದುವೆ ಆದ ಮೇಲೂ ಹೆಣ್ಣುಮಗಳಿಗೆ ತ್ರಾಸು ಐತಿ, ಅದನ್ನೂ ಕತೆ ಹೇಳುತ್ತದೆ. ಹೆಂಗಸರು ಹೇಳುವ ಕತೆಗಳು ಹೀಗೆ ಬೇರೆಯಾಗಿರುತ್ತವೆ ಅಂತ ರಾಮಾನುಜನ್ ಅವರು ಮುಂದೆ ವಿವರವಾಗಿ ಬರೆದರು.

ಬೆಳಗಾವಿಯ ನಂತರ ಅವರು ಬಡೋದೆಯಲ್ಲಿ ಕಲಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಓದಿದರು. 1959ರಲ್ಲಿ ಅಮೆರಿಕಾಕ್ಕೆ ಹೋದರು. 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಕಡೆಯವರೆಗೂ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅಷ್ಟು ದೂರ ಹೋದರೂ ಕನ್ನಡ ಬಿಡಲಿಲ್ಲ. ಹೊಕ್ಕುಳಲ್ಲಿ ಹೂವಿಲ್ಲ, ಕುಂಟೋಬಿಲ್ಲೆ ಎಂಬ ಕವನ ಸಂಗ್ರಹಗಳನ್ನು ಕನ್ನಡದಲ್ಲೇ ಬರೆದರು. ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ, ದಾಸಿಮಯ್ಯ ಇವರ ವಚನಗಳನ್ನು ಇಂಗ್ಲಿಷಿಗೆ ಮಾಡಿ 1973ರಲ್ಲಿ ಪುಸ್ತಕ ತಂದರು. ನಾವು ಪ್ರಾರ್ಥನೆಯಲ್ಲಿ ಹೇಳುವ ವಚನಗಳ ಹೆಸರು ಅಮೆರಿಕಾದ ಮಕ್ಕಳಿಗೂ ಗೊತ್ತಾಗುವಂತೆ ಮಾಡಿದರು. 1976ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. 1991ರಲ್ಲಿ ಭಾರತದ 22 ಭಾಷೆಗಳಿಂದ ಆರಿಸಿದ 110 ಜನಪದ ಕತೆಗಳ ಪುಸ್ತಕ ಹೊರತಂದರು. ಗಿರೀಶ ಕಾರ್ನಾಡರ ನಾಗಮಂಡಲ ನಾಟಕ ಹುಟ್ಟಿದ್ದು ರಾಮಾನುಜನ್ ಅವರಿಂದ ಕೇಳಿದ ಕತೆಗಳಿಂದಲೇ.

1993ನೆಯ ಜುಲೈ 13ರಂದು ಶಿಕಾಗೊದಲ್ಲಿ ಅವರು ತೀರಿಕೊಂಡರು. ಶಸ್ತ್ರಚಿಕಿತ್ಸೆಗೆ ಮೊದಲು ಕೊಟ್ಟ ಅರಿವಳಿಕೆ ಮೈಗೆ ಒಗ್ಗಲಿಲ್ಲ. ಆಗ ಅವರಿಗೆ 64 ವರ್ಷ. ಅವರು ಕೂಡಿಸಿಟ್ಟಿದ್ದ 77 ಕನ್ನಡ ಕತೆಗಳು ಅವರು ಹೋದ ಮೇಲೆ, 1997ರಲ್ಲಿ, ಪುಸ್ತಕವಾದವು. ಅದರಲ್ಲಿ ಹೂವಿನ ಗಿಡವಾಗುವ ಹುಡುಗಿಯ ಕತೆ ಐತಿ. ಒಂದು ಕೊಡ ನೀರು ಹಾಕಿದರೆ ಆಕಿ ಗಿಡವಾಗತಾಳ, ಇನ್ನೊಂದು ಕೊಡ ಹಾಕಿದರೆ ಮತ್ತೆ ಹುಡುಗಿ. ಆ ಕತೆಯನ್ನು 2006ರಲ್ಲಿ ದೂರದ ವಿಯೆನ್ನಾ ನಗರದಲ್ಲಿ ದೊಡ್ಡ ಸಂಗೀತ ನಾಟಕ ಮಾಡಿ ಆಡಿದರು. ನಮ್ಮ ಕಟ್ಟೆಯ ಮೇಲಿನ ಕತೆ ಎಲ್ಲಿಗೆ ಹೋಯಿತು ನೋಡಿರಿ!

ರಾಮಾನುಜನ್ ಅವರು ಹೇಳಿದ ಇನ್ನೊಂದು ಕತೆ ನನ್ನ ನಿದ್ದಿ ಕೆಡಿಸಿತು. ಒಬ್ಬ ಹೆಣ್ಣುಮಗಳಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಆದರೆ ಆಕಿ ಯಾರಿಗೂ ಹೇಳಲಿಲ್ಲ. ಒಳಗೆ ಇದ್ದು ಇದ್ದು ಅವಕ್ಕೆ ಉಸಿರು ಕಟ್ಟಿತು. ಆಕಿ ಬಾಯಿ ತೆರೆದು ಮಲಗಿದಾಗ ಹೊರಗೆ ಬಿದ್ದು, ಕತೆ ಒಂದು ಜೋಡು ಬೂಟಾಗಿ ಬಾಗಿಲ ಮುಂದೆ ಕುಳಿತಿತು, ಹಾಡು ಒಂದು ಕೋಟಾಗಿ ಗೂಟಕ್ಕೆ ಜೋತುಬಿತ್ತು. ಗಂಡ ಬಂದು ಇವು ಯಾರವು ಅಂತ ಜಗಳ ತೆಗೆದ. ಸಿಟ್ಟಿನಿಂದ ಹನಮಪ್ಪನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಗುಡಿಗೆ ಬಂದು ಕೂಡುತ್ತಿದ್ದವು. ಅವುಗಳ ಮಾತಿನಿಂದ ಅವನಿಗೆ ಖರೇ ಸಂಗತಿ ತಿಳಿಯಿತು. ಮನೆಗೆ ಬಂದು ಆ ಕತೆ ಯಾವುದು, ಆ ಹಾಡು ಯಾವುದು ಅಂತ ಕೇಳಿದ. ಆಕಿಗೆ ಎರಡೂ ಮರೆತುಹೋಗಿದ್ದವು.

ಈಗ ನಮ್ಮ ಆಯಿ ವಿಷಯ ಹೇಳತೇನಿ. ಆಯಿ ತವರುಮನಿ ಕಿತ್ತೂರ ಕಡೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಚಕ್ಕಡಿ ಕಟ್ಟಿಕೊಂಡು ಹೋಗುವಾಗ ದಾರಿ ಸಾಗಲಿ ಅಂತ ರಾತ್ರಿಯೆಲ್ಲಾ ಕತಿ ಹೇಳತಿದ್ದಳಂತ. ನಾನು ಸಣ್ಣಾಕಿ ಇದ್ದಾಗ ನನಗೂ ಹೇಳತಿದ್ದಳು. ಆಮ್ಯಾಲ ಮನ್ಯಾಗ ಟಿ.ವಿ. ಬಂತು. ಕತಿ ಕೇಳ ಬಾ ಅಂತ ಕರೆದರೆ ನಾಳಿ ಕೇಳತೇನಿ ಅಂತಿದ್ದೆ. ಹಿಂಗ ಎಷ್ಟು ನಾಳೆ ಆದವೋ ಗೊತ್ತಿಲ್ಲ. ಈಗ ಒಂದು ವರ್ಷದಿಂದ ಆಯಿಗೆ ಮರವು ಬಂದೈತಿ. ನನ್ನನ್ನೇ ಒಮ್ಮೊಮ್ಮೆ ರಾಮದುರ್ಗದ ಅತ್ತಿ ಹೆಸರಿನಿಂದ ಕರೀತಾಳ.

ಅಕ್ಕೋರು ವರ್ಗದಲ್ಲಿ ಹಂಚಿಯ ಕತೆ ಹೇಳಿದ ದಿನ ಸಂಜೆ ನಾನು ಅದನ್ನು ಆಯಿಗೆ ಹೇಳಿದೆ. ಆಯಿ ಕಣ್ಣು ಮುಚ್ಚಿಕೊಂಡು ಮಲಗಿದ್ದಳು. ಸಿಹಿ ಅನ್ನದ ಮಾತು ಬಂದ ಕೂಡಲೇ ಎದ್ದು ಕುಳಿತು, ಅನ್ನ ಅಲ್ಲ, ಗೋಧಿ ಹುಗ್ಗಿ ಅಂದಳು. ಆಮೇಲೆ ತಾನೇ ಕಡೆಯವರೆಗೂ ಹೇಳಿದಳು. ಒಂದು ಮಾತೂ ತಪ್ಪಲಿಲ್ಲ. ಅವ್ವ ಒಲಿ ಮುಂದಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದಳು. ನನಗೆ ಅಳು ಬಂತು. ಆಯಿ ಮಾತೇ ಖರೇ ಕತೆ ಅಂತ ಅವತ್ತು ತಿಳಿಯಿತು.

ಅಂದಿನಿಂದ ದಿನಾ ಸಂಜೆ ನಾನು ನೂರು ಪುಟದ ಒಂದು ನೋಟುಬುಕ್ಕು ಹಿಡಿದು ಆಯಿ ಹತ್ತಿರ ಕೂಡ್ರತೇನಿ. ಒಂಬತ್ತು ಕತೆ ಬರೆದಾಗೈತಿ. ಹತ್ತನೆಯದು ಅರ್ಧಕ್ಕೇ ನಿಂತೈತಿ. ಅದು ಏಳು ಮಂದಿ ಅಣ್ಣಂದಿರ ಒಬ್ಬಳೇ ತಂಗಿಯ ಕತೆ. ಅಣ್ಣಂದಿರು ದುಡಿಯಾಕ ದೇಶಾಂತರ ಹೋದಾಗ ನೆಗೆಣ್ಣಿಯರು ಆಕಿಗೆ ತೂತಿನ ಕೊಡದಾಗ ನೀರು ತಾ ಅಂತಾರ. ಕಪ್ಪೆಗಳು ಬಂದು ತೂತಿಗೆ ಕುಂಡ್ರತಾವ. ಹಗ್ಗ ಇಲ್ಲದೇ ಕಟ್ಟಿಗಿ ಹೊರೆ ತಾ ಅಂತಾರ. ಹಾವು ಬಂದು ಹಗ್ಗ ಆಗತೈತಿ. ಮುಂದ ಅಣ್ಣಂದಿರು ತಿರುಗಿ ಬರತಾರ. ಅವರಿಗೆ ತಂಗಿಯ ಸಂಕಟ ಹೆಂಗ ಗೊತ್ತಾಗತೈತಿ ಅನ್ನೋದು ಆಯಿಗೆ ನೆನಪಾಗವಲ್ದು. ನಾಕು ಸಂಜೆ ಕೇಳಿದೆ. ಹಾವಿನ ತನಕ ಬರತಾಳ, ನನ್ನ ಮುಖ ನೋಡತಾಳ, ಸುಮ್ಮನಾಗತಾಳ.

ರಾಮಾನುಜನ್ ಅವರು ಒಂದೇ ಕತೆಯನ್ನು ಬೇರೆ ಬೇರೆ ಮಂದಿಯ ಬಾಯಿಂದ ಕೇಳುತ್ತಿದ್ದರಂತೆ. ಒಬ್ಬರು ಬಿಟ್ಟದ್ದು ಇನ್ನೊಬ್ಬರ ಹತ್ತಿರ ಇರುತ್ತದೆ. ಆದ್ದರಿಂದ ಈ ಗೋಡೆಯ ಮುಂದೆ ನಿಂತು ಓದುವ ನಿಮ್ಮೆಲ್ಲರಿಗೂ ನನ್ನ ಒಂದು ವಿನಂತಿ. ಇವತ್ತು ಮನೆಗೆ ಹೋಗಿ ನಿಮ್ಮ ಆಯಿಗೆ, ಅಜ್ಜಗೆ, ಅತ್ತಿಗೆ ಈ ಏಳು ಅಣ್ಣಂದಿರ ತಂಗಿಯ ಕತೆ ಕೇಳಿರಿ. ಕಡೀಕ ಏನಾಗತೈತಿ ಅಂತ ಗೊತ್ತಿದ್ದರೆ ನನಗೆ ಬಂದು ಹೇಳಿರಿ. ಮುಂದಿನ ಸಂಚಿಕೆಯಲ್ಲಿ ಹೇಳಿದವರ ಊರಿನ ಹೆಸರು ಹಾಕಿ ಬರೆಯುತ್ತೇನೆ. ಅದಕ್ಕಿಂತ ಮೊದಲು ಆಯಿಗೆ ಓದಿ ಹೇಳಬೇಕಾಗೈತಿ. ನಾಳೆ ಅನ್ನಬೇಡಿರಿ, ಇವತ್ತೇ ಕೇಳಿರಿ.

ಇಂತಿ ನಿಮ್ಮ ಗೆಳತಿ,
ಏಳನೆಯ ಇಯತ್ತೆ